ಫಿರೋಜ್ ಷಾ ಬಹಮನಿ

ತಾಜುದ್ದೀನ್ ಫಿರೋಜ್ ಷಾ (ಆಳ್ವಿಕೆ: 1397–1422) ಬಹಮನಿ ಮನೆತನದ ಎಂಟನೆಯ ಸುಲ್ತಾನ. ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಸುಮಾರು 25 ವರ್ಷ ದಖ್ಖನವನ್ನು ಆಳಿದ ಈತ ವಿದ್ಯಾಪಕ್ಷಪಾತಿ, ಬಹುಭಾಷಾವಿದ ಹಾಗೂ ಭೀಮಾತೀರದ ಫಿರೋಜಾಬಾದ್ ನಗರದ ನಿರ್ಮಾತೃ ಎಂದು ಪ್ರಸಿದ್ಧನಾಗಿದ್ದಾನೆ. ವಿಜಯನಗರದೊಡನೆ ಮೂರು ಮುಖ್ಯ ಯುದ್ಧಗಳನ್ನು ಮಾಡಿದ ಈತ ಎರಡನೆಯ ಯುದ್ಧದಲ್ಲಿ ಕೈಗೆ ಬಾಣ ತಗುಲಿಸಿಕೊಂಡು, ರಣರಂಗದಲ್ಲಿಯೇ ಗಾಯವನ್ನು ತಾನೇ ಕಟ್ಟಿಕೊಂಡ ಪ್ರಸಂಗ ಇತಿಹಾಸದಲ್ಲಿ ಉಳಿದುಬಂದಿದೆ. ಮಧ್ಯಯುಗದ ದಖ್ಖನದಲ್ಲಿ ಬಯಲಿನಲ್ಲಿ ಆದ ರಕ್ತಸ್ರಾವಕ್ಕೆ ಕೂಡಲೇ ನಡೆದ ಉಪಚಾರದ ಉದಾಹರಣೆಯಾಗಿಯೂ ಈ ಪ್ರಸಂಗ ಗಮನಾರ್ಹವಾಗಿದೆ.

ಮನೆತನ ಮತ್ತು ಶಿಕ್ಷಣ

ಬಹಮನಿ ರಾಜ್ಯವನ್ನು 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದನು. ಫಿರೋಜ್ ಆತನ ಮೊಮ್ಮಗ. ಫಿರೋಜನ ತಂದೆ ಯಾರು ಎಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ಚರಿತ್ರಕಾರ ಫೆರಿಷ್ತಾ ಅವನನ್ನು ದಾವೂದ್ ಷಾನ ಮಗನೆಂದು ಕರೆದರೆ, ಆಧುನಿಕ ವಿದ್ವಾಂಸರು ಅಹಮದ್ ಖಾನನ ಮಗನೆಂದು ಭಾವಿಸುತ್ತಾರೆ.

ಫಿರೋಜ್ ಮತ್ತು ಅವನ ತಮ್ಮ ಅಹಮದ್ ಇಬ್ಬರೂ ಸುಲ್ತಾನ ಎರಡನೆಯ ಮಹಮ್ಮದನ ಆಶ್ರಯದಲ್ಲಿ ಬೆಳೆದರು. ಸುಲ್ತಾನನು ತನ್ನ ಪುತ್ರಿಯರನ್ನು ಈ ಸಹೋದರರಿಗೆ ವಿವಾಹ ಮಾಡಿಕೊಟ್ಟನು. ಪರ್ಷಿಯಾದಿಂದ ಬಂದ ಮೀರ್ ಫಜಲುಲ್ಲಾ ಇಂಜು ಎಂಬ ವಿದ್ವಾಂಸ ಅವರ ಗುರುವಾಗಿದ್ದನು. ಗಣಿತ, ತರ್ಕ, ಖಗೋಳ ಮತ್ತು ಧರ್ಮಶಾಸ್ತ್ರಗಳಲ್ಲಿ ಫಿರೋಜನಿಗೆ ಜೀವನಪರ್ಯಂತ ಉಳಿದ ಆಸಕ್ತಿಗೆ ಈ ಗುರುವಿನ ಪಾಠವೇ ಮೂಲವಾಯಿತು. ಮುಂದೆ ಫಿರೋಜ್ ಸುಲ್ತಾನನಾದಾಗ ಫಜಲುಲ್ಲಾ ಅವನ ಮುಖ್ಯ ಸಲಹೆಗಾರನೂ ಸೇನಾನಿಯೂ ಆದನು.

ಪಟ್ಟಕ್ಕೆ ಬಂದುದು

ಎರಡನೆಯ ಮಹಮ್ಮದನು 1397ರಲ್ಲಿ ತೀರಿಕೊಂಡನು. ಅವನ ಮಗ ಗಿಯಾಸುದ್ದೀನನನ್ನು ತಗಲಚಿನ್ ಎಂಬ ತುರ್ಕಿ ಅಧಿಕಾರಿ ಮೋಸದಿಂದ ಸೆರೆಹಿಡಿದು ಕಣ್ಣು ಕೀಳಿಸಿ, ಶಂಸುದ್ದೀನನೆಂಬ ಬಾಲಕನನ್ನು ಹೆಸರಿಗೆ ಮಾತ್ರ ಸಿಂಹಾಸನದ ಮೇಲೆ ಕುಳ್ಳಿರಿಸಿದನು. ಇದನ್ನು ವಿರೋಧಿಸಿದ ಫಿರೋಜ್ ಮತ್ತು ಅಹಮದ್ ಪ್ರಾಣಭಯದಿಂದ ರಾಜಧಾನಿಯನ್ನು ಬಿಟ್ಟು ಸಗರಕ್ಕೆ ಹೋದರು. ಈ ಸಗರ ಇಂದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಅಲ್ಲಿನ ಕೋಟೆಯ ಅಧಿಕಾರಿಯ ನೆರವು ಪಡೆದು ಅವರು ಕಲಬುರಗಿಗೆ ಹಿಂತಿರುಗಿದರು. ಕೊನೆಗೆ ತಗಲಚಿನ್ ಹತನಾದನು, ಶಂಸುದ್ದೀನ್ ಪದಚ್ಯುತನಾದನು, 1397ರ ನವೆಂಬರಿನಲ್ಲಿ ಫಿರೋಜ್ ಪಟ್ಟಾಭಿಷಿಕ್ತನಾದನು. ತಮ್ಮ ಅಹಮದನಿಗೆ ಖಾನಖಾನಾನ್ ಎಂಬ ಬಿರುದು ದೊರೆಯಿತು.

ಮೊದಲ ಯುದ್ಧ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಫಲವತ್ತಾದ ರಾಯಚೂರು ದೋಆಬ್ ಪ್ರದೇಶಕ್ಕಾಗಿ ಬಹಮನಿ ಮತ್ತು ವಿಜಯನಗರ ರಾಜ್ಯಗಳ ನಡುವೆ ಆರಂಭದಿಂದಲೂ ಹೋರಾಟ ನಡೆದಿತ್ತು. 1398ರಲ್ಲಿ ಇಮ್ಮಡಿ ಹರಿಹರನ ಸೈನ್ಯ ದೋಆಬನ್ನು ಪ್ರವೇಶಿಸಿತು. ಫಿರೋಜ್ ಕೃಷ್ಣೆಯ ದಡಕ್ಕೆ ಬಂದಾಗ ಮಳೆಗಾಲದ ಹೊಳೆ ತುಂಬಿ ಹರಿಯುತ್ತಿತ್ತು. ಎದುರು ದಡದಲ್ಲಿ ಶತ್ರುಸೈನ್ಯ ಬೀಡುಬಿಟ್ಟಿತ್ತು. ಆಗ ಕಾಜಿ ಸಿರಾಜ್ ಎಂಬುವನು ಕೆಲವು ಸಂಗಡಿಗರೊಡನೆ ವೇಷ ಮರೆಸಿಕೊಂಡು ನದಿ ದಾಟಿ, ರಾಯನ ಮಗನ ಶಿಬಿರದಲ್ಲಿ ನಡೆದ ನೃತ್ಯಗೋಷ್ಠಿಯಲ್ಲಿ ಆಟಗಾರನಂತೆ ಸೇರಿಕೊಂಡು ಅವನನ್ನು ಕಠಾರಿಯಿಂದ ಇರಿದು ಕೊಂದನೆಂದು ಫೆರಿಷ್ತಾ ಬರೆಯುತ್ತಾನೆ. ಆ ಗೊಂದಲದಲ್ಲಿ ಬಹಮನಿ ಸೈನ್ಯ ನದಿಯನ್ನು ದಾಟಿತು. ಹರಿಹರನು ಹಣ ತೆತ್ತು ಸಂಧಿ ಮಾಡಿಕೊಳ್ಳಬೇಕಾಯಿತು. ಇದಾದ ಬಳಿಕ ಫಿರೋಜ್ ಉತ್ತರದ ಖೇರ್ಲಾ ಅರಸನಾದ ನರಸಿಂಗನ ಮೇಲೆ ದಂಡೆತ್ತಿ ಹೋಗಿ ಅವನನ್ನು ಅಧೀನಪಡಿಸಿಕೊಂಡನು.

1406ರ ದಂಡಯಾತ್ರೆ ಮತ್ತು ಬಾಣದ ಗಾಯ

ಎರಡನೆಯ ಯುದ್ಧ ಒಂದನೆಯ ದೇವರಾಯನ ಕಾಲದಲ್ಲಿ ನಡೆಯಿತು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ರೂಪವತಿಯಾದ ಮಗಳನ್ನು ಪಡೆಯಲು ದೇವರಾಯನು ಸೇನೆ ಕಳುಹಿಸಿದುದೇ ಇದಕ್ಕೆ ಕಾರಣವೆಂದು ಫೆರಿಷ್ತಾ ಹೇಳುತ್ತಾನೆ. ದೋಆಬಿನ ಮೇಲಣ ಹಿಡಿತವೇ ನಿಜವಾದ ಕಾರಣವಾಗಿತ್ತೆಂದು ಅನೇಕ ಇತಿಹಾಸಕಾರರ ಅಭಿಪ್ರಾಯ.

1406ರಲ್ಲಿ ಫಿರೋಜ್ ದೊಡ್ಡ ಸೈನ್ಯದೊಡನೆ ವಿಜಯನಗರದವರೆಗೆ ನುಗ್ಗಿದನು. ಅವನ ಪಡೆಯ ಕೆಲವರು ನಗರದ ಬೀದಿಗಳನ್ನು ಹೊಕ್ಕರೂ ವಿಜಯನಗರದ ಕಾಲಾಳುಗಳು ಅವರನ್ನು ಹಿಮ್ಮೆಟ್ಟಿಸಿದರು. ಹಂಪಿಯ ಸುತ್ತಣ ನೆಲ ದೊಡ್ಡ ದೊಡ್ಡ ಬಂಡೆಗಳಿಂದ ತುಂಬಿದೆ. ಅಲ್ಲಿ ಕುದುರೆ ಪಡೆ ಸರಾಗವಾಗಿ ತಿರುಗಲಾರದು. ಬಂಡೆಗಳ ಮರೆಯಲ್ಲಿ ನಿಂತ ಬಿಲ್ಲುಗಾರರಿಗೆ ಮಾತ್ರ ಅದು ಅನುಕೂಲಕರ. ಬಹಮನಿ ಸೈನ್ಯಕ್ಕೆ ಬಾಣಗಳಿಂದ ಬಹಳ ಹಾನಿಯಾಯಿತು.

ಈ ಕಾಳಗದಲ್ಲಿ ಸುಲ್ತಾನನ ಕೈಗೆ ಬಾಣವೊಂದು ನೆಟ್ಟಿತು. ಫಿರೋಜ್ ಕುದುರೆಯಿಂದ ಇಳಿಯಲಿಲ್ಲ. ಬಾಣವನ್ನು ತಾನೇ ಹೊರಗೆಳೆದು, ಗಾಯಕ್ಕೆ ಬಟ್ಟೆ ಬಿಗಿದುಕೊಂಡು ಯುದ್ಧವನ್ನು ಮುಂದುವರಿಸಿದನು. ಅಹಮದ್ ಖಾನಖಾನಾನನ ಪ್ರಯತ್ನದಿಂದ ಶತ್ರುಗಳು ಹಿಂದೆ ಸರಿದ ಮೇಲೆ ಫಿರೋಜ್ ನಗರದಿಂದ ದೂರದ ಸಮತಟ್ಟಾದ ಬಯಲಿಗೆ ಸೈನ್ಯವನ್ನು ಒಯ್ದು, ಗಾಯಗೊಂಡ ಸೈನಿಕರು ಗುಣಹೊಂದುವವರೆಗೆ ಅಲ್ಲಿಯೇ ತಂಗಿದನು.

ಸುಲ್ತಾನನ ಧೈರ್ಯಕ್ಕೆ ನಿದರ್ಶನವಾಗಿ ಮೊದಲ ಭಾಗವನ್ನು ಹಲವರು ಎತ್ತಿ ಹೇಳುತ್ತಾರೆ. ಆದರೆ ಯುದ್ಧದ ಫಲಿತಾಂಶವನ್ನು ನಿರ್ಧರಿಸಿದುದು ಎರಡನೆಯ ಭಾಗ. ಗಾಯಾಳುಗಳನ್ನು ಬಿಟ್ಟು ಮುಂದೆ ಹೋಗದೆ ಸೈನ್ಯಕ್ಕೆ ಚೇತರಿಸಿಕೊಳ್ಳಲು ಅವಕಾಶ ಕೊಟ್ಟುದರಿಂದಲೇ ಫಿರೋಜನಿಗೆ ದೇವರಾಯನ ಮುಂದಿನ ದಾಳಿಗಳನ್ನು ಎದುರಿಸಿ ತಿಂಗಳುಗಟ್ಟಲೆ ಅಲ್ಲಿ ನಿಲ್ಲಲು ಸಾಧ್ಯವಾಯಿತು.

ಅಂದಿನ ಚಿಕಿತ್ಸಾಕ್ರಮ

ಬಾಣದ ಗಾಯ ಆ ಕಾಲದ ಯುದ್ಧಭೂಮಿಯಲ್ಲಿಯೂ ಬೇಟೆಯ ಬಯಲಿನಲ್ಲಿಯೂ ಸಾಮಾನ್ಯವಾಗಿತ್ತು. ಭಾರತೀಯ ವೈದ್ಯಶಾಸ್ತ್ರದಲ್ಲಿ ಇದರ ಚಿಕಿತ್ಸೆಗೆ ಬಹು ಹಿಂದಿನಿಂದಲೂ ಸ್ಥಾನವಿತ್ತು. ದೇಹದೊಳಗೆ ಹೊಕ್ಕ ಹೊರಗಿನ ವಸ್ತುವನ್ನು ಸುಶ್ರುತಸಂಹಿತೆ ಶಲ್ಯವೆಂದು ಕರೆಯುತ್ತದೆ. ಶಲ್ಯವನ್ನು ಹೊಕ್ಕ ದಾರಿಯಿಂದಲೇ ಹಿಂದಕ್ಕೆ ತೆಗೆಯುವ ಮತ್ತು ಎದುರು ದಿಕ್ಕಿನಿಂದ ತೆಗೆಯುವ ಎರಡು ಕ್ರಮಗಳನ್ನು ಅದು ವಿವರಿಸುತ್ತದೆ. ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ ಮತ್ತು ದಹನ ಎಂಬ ನಾಲ್ಕು ಉಪಾಯಗಳನ್ನು ಹೇಳುತ್ತದೆ. ಒಗರು ದ್ರವ್ಯಗಳಿಂದ ಗಾಯವನ್ನು ಕೂಡಿಸುವುದು, ಶೀತೋಪಚಾರದಿಂದ ರಕ್ತ ಹೆಪ್ಪುಗಟ್ಟಿಸುವುದು, ಭಸ್ಮದಿಂದ ಒಣಗಿಸುವುದು ಮತ್ತು ಸುಟ್ಟು ರಕ್ತನಾಳವನ್ನು ಕುಗ್ಗಿಸುವುದು ಇವುಗಳ ಅರ್ಥ.

ಅರಬ್ ವೈದ್ಯಪರಂಪರೆಯಲ್ಲಿ ಸ್ಪೇನಿನ ಅಬುಲ್ ಕಾಸಿಂ ಅಲ್ ಜಹ್ರಾವಿ ಸುಮಾರು 1000ದ ವೇಳೆಗೆ ಬರೆದ ಶಸ್ತ್ರಚಿಕಿತ್ಸಾ ಗ್ರಂಥದಲ್ಲಿ ಬಾಣಗಳನ್ನು ತೆಗೆಯುವ ಕ್ರಮಕ್ಕೆ ಪ್ರತ್ಯೇಕ ಅಧ್ಯಾಯವಿದೆ.

ಬಾಣವನ್ನು ಅವಸರದಿಂದ ಎಳೆಯುವುದು ಅಪಾಯಕಾರಿ ಎಂಬ ಎಚ್ಚರಿಕೆ ಬಹಳ ಕಾಲದ ನಂತರವೂ ಮರುಕಳಿಸಿತು. ಅಮೆರಿಕದ ಸೇನಾವೈದ್ಯ ಜೋಸೆಫ್ ಬಿಲ್ 1862ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಾಣದ ಮೊನೆಯನ್ನು ಕಟ್ಟಿದ ಪ್ರಾಣಿಯ ನರ ದೇಹದೊಳಗಿನ ತೇವದಿಂದ ಸಡಿಲವಾಗುವುದರಿಂದ, ಕಡ್ಡಿಯನ್ನು ಎಳೆದರೆ ಮೊನೆ ಒಳಗೇ ಉಳಿದು ಪ್ರಾಣಕ್ಕೆ ಕುತ್ತು ತರುತ್ತದೆಂದು ತೋರಿಸಿದನು. ಹೊಟ್ಟೆಗೆ ತಗುಲಿದ ಬಾಣಗಳೇ ಹೆಚ್ಚು ಮಾರಕವೆಂಬುದನ್ನೂ ಆತ ಗುರುತಿಸಿದನು.

ಇಂದಿನ ವೈದ್ಯಕೀಯ ದೃಷ್ಟಿ

ಫಿರೋಜ್ ಮಾಡಿದ ಎರಡು ಕಾರ್ಯಗಳಲ್ಲಿ ಬಟ್ಟೆ ಬಿಗಿದುದು ಇಂದಿನ ಪ್ರಥಮ ಚಿಕಿತ್ಸೆಗೆ ಒಪ್ಪುವಂಥದು, ಬಾಣವನ್ನು ಕಿತ್ತುದು ಒಪ್ಪದಂಥದು. ಚುಚ್ಚಿಕೊಂಡ ವಸ್ತು ಹರಿದ ರಕ್ತನಾಳವನ್ನು ತಾನೇ ಮುಚ್ಚಿಕೊಂಡಿರಬಹುದು. ಅದನ್ನು ತೆಗೆದ ಕೂಡಲೇ ರಕ್ತ ಧಾರೆಯಾಗಿ ಹರಿಯುವ ಸಂಭವವಿದೆ. ಆದ್ದರಿಂದ ಬಾಣ, ಸಲಾಕೆ, ಮರದ ಸಿಬಿರು ಮುಂತಾದವು ಆಳವಾಗಿ ನೆಟ್ಟಿದ್ದರೆ ಅವನ್ನು ಅಲುಗಾಡದಂತೆ ಸುತ್ತಲೂ ಬಟ್ಟೆಯ ಮಡಿಕೆಗಳನ್ನು ಇಟ್ಟು ಕಟ್ಟಿ, ಹಾಗೆಯೇ ಆಸ್ಪತ್ರೆಗೆ ಸಾಗಿಸಬೇಕು. ಕೈಯ ಗಾಯವನ್ನು ಹೊರಗಿನಿಂದ ಒತ್ತಿ ರಕ್ತ ನಿಲ್ಲಿಸಬಹುದು. ಎದೆ ಅಥವಾ ಹೊಟ್ಟೆಯ ಒಳಗಣ ರಕ್ತಸ್ರಾವಕ್ಕೆ ಈ ಉಪಾಯ ಸಾಲದು. ಆ ದೃಷ್ಟಿಯಿಂದ ಬಾಣ ಕೈಗೆ ತಗುಲಿದುದು ಸುಲ್ತಾನನ ಅದೃಷ್ಟವೆನ್ನಬಹುದು.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ದೊಡ್ಡ ಅಪಧಮನಿ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ವೈದ್ಯರು ಬರುವ ಮೊದಲೇ ಹತ್ತಿರವಿದ್ದವರು ಮಾಡುವ ಉಪಚಾರ ನಿರ್ಣಾಯಕವಾಗುತ್ತದೆ. ನೆಟ್ಟ ವಸ್ತುವಿಲ್ಲದ ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಎಡೆಬಿಡದೆ ಬಲವಾಗಿ ಒತ್ತಬೇಕು. ಗಾಯ ಆಳವಾಗಿದ್ದರೆ ಗಾಜ್ ಬಟ್ಟೆಯನ್ನು ಅದರೊಳಗೆ ತುಂಬಿ ಒತ್ತಬೇಕು. ಬಟ್ಟೆ ನೆನೆದರೆ ಅದನ್ನು ತೆಗೆದು ನೋಡದೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಡವನ್ನು ಹೆಚ್ಚಿಸಬೇಕು. ಕೈಕಾಲುಗಳ ರಕ್ತ ಒತ್ತಡದಿಂದ ನಿಲ್ಲದಿದ್ದಲ್ಲಿ ಟೂರ್ನಿಕೆಟ್ ಎಂಬ ಅಗಲವಾದ ಬಿಗಿಪಟ್ಟಿಯನ್ನು ಗಾಯಕ್ಕಿಂತ 5ರಿಂದ 8 ಸೆಂಟಿಮೀಟರ್ ಮೇಲೆ, ಕೀಲುಗಳನ್ನು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಬೇಕು. ಬಿಗಿದ ವೇಳೆಯನ್ನು ಬರೆದಿಡಬೇಕು. ವೈದ್ಯರ ಬಳಿಗೆ ತಲುಪುವವರೆಗೆ ಅದನ್ನು ಸಡಿಲಿಸಬಾರದು. ತೆಳುವಾದ ಹಗ್ಗ ಅಥವಾ ತಂತಿಯನ್ನು ಇದಕ್ಕೆ ಬಳಸಿದರೆ ಚರ್ಮ ಮತ್ತು ನರಗಳಿಗೆ ಹಾನಿಯಾಗುತ್ತದೆ.

ಬಿಲ್ಲಿನ ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಬೇಟೆಗಾರರು ತಮ್ಮದೇ ಬಾಣಗಳ ಹರಿತವಾದ ಅಲಗಿನಿಂದ ಗಾಯಗೊಳ್ಳುವುದುಂಟು. ಆದ್ದರಿಂದ ಗಾಜ್, ಒತ್ತುಪಟ್ಟಿ, ಟೂರ್ನಿಕೆಟ್, ಕೈಗವಸು ಮತ್ತು ಕತ್ತರಿಗಳಿರುವ ಚಿಕ್ಕ ಚೀಲವನ್ನು ಕೈಗೆಟಕುವಂತೆ ಒಯ್ಯಬೇಕೆಂಬುದು ಅವರಿಗೆ ಕೊಡುವ ಸಲಹೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆ ನಿಷಿದ್ಧವಾಗಿದೆ. ಆದರೂ ಇದೇ ಚೀಲ ಕುಡುಗೋಲು, ಕೊಡಲಿ ಮತ್ತು ಯಂತ್ರಗಳೊಡನೆ ದುಡಿಯುವ ರೈತರಿಗೂ, ಬಿಲ್ವಿದ್ಯೆಯ ಕ್ರೀಡಾಪಟುಗಳಿಗೂ, ಕಾಡು ಸುತ್ತುವವರಿಗೂ ಅಷ್ಟೇ ಉಪಯುಕ್ತ. ಕಮಲಾಪುರ, ಚಿಂಚೋಳಿಗಳಂಥ ತಾಲ್ಲೂಕುಗಳ ಹೊಲ ಮತ್ತು ಕುರುಚಲು ಕಾಡುಗಳಿಂದ ಜಿಲ್ಲಾಕೇಂದ್ರದ ದೊಡ್ಡ ಆಸ್ಪತ್ರೆಯನ್ನು ಮುಟ್ಟಲು ಸಮಯ ಹಿಡಿಯುತ್ತದೆ. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗಿನ ಅವಧಿಯಲ್ಲಿ ಜೀವ ಉಳಿಸುವುದು ಸ್ಥಳದಲ್ಲಿಯೇ ಇರುವ ಬಟ್ಟೆ ಮತ್ತು ಅದನ್ನು ಬಳಸಬಲ್ಲ ಕೈ.

ಸಂಧಿ ಮತ್ತು ವಿವಾಹ

ವಿಜಯನಗರದ ಬಯಲಿನಲ್ಲಿ ತಂಗಿದ್ದ ಫಿರೋಜ್ ತಮ್ಮ ಅಹಮದನನ್ನು ದಕ್ಷಿಣದ ಸೀಮೆಗಳನ್ನು ಸೂರೆಮಾಡಲು ಕಳುಹಿಸಿದನು. ಮತ್ತೊಂದು ಪಡೆ ಬಂಕಾಪುರದ ಕೋಟೆಯನ್ನು ಗೆದ್ದುಕೊಂಡಿತು. ಈಗ ಹಾವೇರಿ ಜಿಲ್ಲೆಯಲ್ಲಿರುವ ಈ ಕೋಟೆ ಅಂದು ಬಹು ಮಹತ್ವದ್ದಾಗಿತ್ತು. ದೇವರಾಯನು ಸಂಧಿಗೆ ಒಪ್ಪಿ ತನ್ನ ಮಗಳನ್ನು ಫಿರೋಜನಿಗೆ ವಿವಾಹ ಮಾಡಿಕೊಟ್ಟನೆಂದೂ, 10 ಲಕ್ಷ ಹೊನ್ನು, ಮುತ್ತು, 50 ಆನೆಗಳನ್ನು ಕೊಟ್ಟು ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟನೆಂದೂ ಫೆರಿಷ್ತಾ ಹೇಳುತ್ತಾನೆ. ಮದುವೆಯ ನಂತರ ಬೀಳ್ಕೊಡುವಾಗ ದೇವರಾಯನು ಅರ್ಧದಾರಿಯಿಂದಲೇ ಹಿಂತಿರುಗಿದುದು ಸುಲ್ತಾನನಿಗೆ ಅವಮಾನವೆನಿಸಿ ವೈರ ಉಳಿಯಿತು. ಮುದಗಲ್ಲಿನ ಕನ್ಯೆಯನ್ನು ರಾಜಕುಮಾರ ಹಸನ್ ಖಾನನಿಗೆ ಕೊಟ್ಟು ಮದುವೆ ಮಾಡಲಾಯಿತು. ದೇವರಾಯನ ಮಗಳ ವಿವಾಹದ ವೃತ್ತಾಂತವನ್ನು ಕೆಲವು ಇತಿಹಾಸಕಾರರು ಸಂದೇಹದಿಂದ ನೋಡುತ್ತಾರೆ.

ವಿದ್ಯೆ, ಆಡಳಿತ ಮತ್ತು ನಿರ್ಮಾಣಗಳು

ಫಿರೋಜ್ ವಾರದಲ್ಲಿ ಮೂರು ದಿನ ಸ್ವತಃ ಪಾಠ ಹೇಳುತ್ತಿದ್ದನು. ಯೂಕ್ಲಿಡನ ರೇಖಾಗಣಿತ ಆ ಪಾಠಗಳಲ್ಲಿ ಸೇರಿತ್ತು. ಪರ್ಷಿಯನ್ ಭಾಷೆಯಲ್ಲಿ ಕವಿತೆಗಳನ್ನು ರಚಿಸುತ್ತಿದ್ದನು. ಅವನ ಅಂತಃಪುರದಲ್ಲಿ ನಾನಾ ದೇಶಗಳ ಸ್ತ್ರೀಯರಿದ್ದು, ಪ್ರತಿಯೊಬ್ಬರೊಡನೆ ಅವರವರ ಭಾಷೆಯಲ್ಲಿಯೇ ಮಾತನಾಡುತ್ತಿದ್ದನೆಂದು ಪ್ರತೀತಿ. ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ಹೊರದೇಶಗಳ ವಿದ್ವಾಂಸರನ್ನೂ ಸರಕುಗಳನ್ನೂ ತರಿಸುತ್ತಿದ್ದನು. ಕಂದಾಯ ಆಡಳಿತದಲ್ಲಿ ಬ್ರಾಹ್ಮಣರಿಗೆ ಹೆಚ್ಚಿನ ಅವಕಾಶ ಕೊಟ್ಟನು. ದೌಲತಾಬಾದಿನ ಬಳಿ 1407ರಲ್ಲಿ ಖಗೋಳ ವೀಕ್ಷಣಾಲಯವೊಂದರ ಕೆಲಸವನ್ನು ಆರಂಭಿಸಿದನಾದರೂ, ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗಿಲಾನಿ ತೀರಿಕೊಂಡುದರಿಂದ ಅದು ಪೂರ್ಣಗೊಳ್ಳಲಿಲ್ಲ.

ಕಲಬುರಗಿಯ ದಕ್ಷಿಣಕ್ಕೆ ಸುಮಾರು 27 ಕಿ.ಮೀ. ದೂರದಲ್ಲಿ ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ಎಂಬ ಅರಮನೆನಗರವನ್ನು 1400ರ ವೇಳೆಗೆ ಕಟ್ಟಿಸಿದನು. ಕೋಟೆಗೋಡೆ, ದ್ವಾರಗಳು, ಜಾಮಿ ಮಸೀದಿ ಮತ್ತು ಅರಮನೆಗಳ ಅವಶೇಷಗಳು ಇಂದಿಗೂ ಅಲ್ಲಿವೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಈ ನಗರವನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು.

ಬಂದೇ ನವಾಜರೊಡನೆ ಸಂಬಂಧ

ದೆಹಲಿಯಿಂದ ದಖ್ಖನಕ್ಕೆ ಬಂದ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜರನ್ನು ಫಿರೋಜ್ ಮೊದಲು ಆದರದಿಂದ ಬರಮಾಡಿಕೊಂಡನು. ಕಾಲಕ್ರಮದಲ್ಲಿ ಇಬ್ಬರ ನಡುವೆ ಬಿರುಕು ಉಂಟಾಯಿತು. ಸುಲ್ತಾನನು ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯನ್ನಾಗಿ ಮಾಡಿ ಸಂತರ ಆಶೀರ್ವಾದ ಕೋರಿದಾಗ, ಸಿಂಹಾಸನ ಅಹಮದನಿಗೆ ಸಲ್ಲಬೇಕೆಂಬುದು ದೈವಸಂಕಲ್ಪವೆಂದು ಅವರು ಸೂಚಿಸಿದರು. ಇದರಿಂದ ಕುಪಿತನಾದ ಫಿರೋಜ್, ಕೋಟೆಯ ಸಮೀಪದಲ್ಲಿದ್ದ ಅವರ ಖಾನಖಾವನ್ನು ದೂರಕ್ಕೆ ಸ್ಥಳಾಂತರಿಸುವಂತೆ ಆಜ್ಞಾಪಿಸಿದನು.

ಪಾನಗಲ್ಲಿನ ಸೋಲು

ಮೂರನೆಯ ಯುದ್ಧದಲ್ಲಿ ಫಿರೋಜ್ ಇಂದಿನ ತೆಲಂಗಾಣದಲ್ಲಿರುವ ಪಾನಗಲ್ಲು ಕೋಟೆಗೆ ಮುತ್ತಿಗೆ ಹಾಕಿದನು. ಸುಮಾರು ಎರಡು ವರ್ಷ ನಡೆದರೂ ಮುತ್ತಿಗೆ ಫಲಿಸಲಿಲ್ಲ. ಶಿಬಿರದಲ್ಲಿ ಸಾಂಕ್ರಾಮಿಕ ರೋಗ ಹರಡಿ ಸೈನಿಕರೂ ಕುದುರೆಗಳೂ ಗುಂಪುಗುಂಪಾಗಿ ಸತ್ತರು. ಅನೇಕ ಸರದಾರರು ತಮ್ಮ ಪಡೆಗಳೊಡನೆ ಜಹಗೀರುಗಳಿಗೆ ಹಿಂತಿರುಗಿದರು. ಈ ಸ್ಥಿತಿಯಲ್ಲಿ ದೇವರಾಯನು ದೊಡ್ಡ ಸೈನ್ಯದೊಡನೆ ಬಂದೆರಗಿದಾಗ, ಯುದ್ಧ ಬೇಡವೆಂಬ ಆಪ್ತರ ಸಲಹೆಯನ್ನು ಫಿರೋಜ್ ಕೇಳಲಿಲ್ಲ. ಗುರುವೂ ಸೇನಾನಿಯೂ ಆಗಿದ್ದ ಮೀರ್ ಫಜಲುಲ್ಲಾ ಇಂಜು ತನ್ನದೇ ಸೇವಕನೊಬ್ಬನ ಕೈಯಿಂದ ಹತನಾದನೆಂದು ಫೆರಿಷ್ತಾ ಬರೆಯುತ್ತಾನೆ. ಬಹಮನಿ ಸೈನ್ಯ ಸಂಪೂರ್ಣವಾಗಿ ಸೋತಿತು. ವಿಜಯನಗರದ ಪಡೆಗಳು ಬಹಮನಿ ಸೀಮೆಯೊಳಕ್ಕೆ ನುಗ್ಗಿದವು. ಅಹಮದ್ ಕಷ್ಟಪಟ್ಟು ಅವುಗಳನ್ನು ತಡೆದನು.

1406ರಲ್ಲಿ ಗಾಯಾಳುಗಳು ಗುಣವಾಗುವವರೆಗೆ ಕಾದ ಸುಲ್ತಾನನೇ ಪಾನಗಲ್ಲಿನಲ್ಲಿ ರೋಗದಿಂದ ಬಳಲಿದ ಸೈನ್ಯವನ್ನು ಯುದ್ಧಕ್ಕಿಳಿಸಿದನು. ಎರಡು ದಂಡಯಾತ್ರೆಗಳ ಫಲಿತಾಂಶದಲ್ಲಿರುವ ಅಂತರಕ್ಕೆ ಇದು ಒಂದು ಮುಖ್ಯ ಕಾರಣ.

ಕೊನೆಯ ದಿನಗಳು

ಪಾನಗಲ್ಲಿನ ನಂತರ ಫಿರೋಜನ ಆರೋಗ್ಯ ಕುಸಿಯಿತು. ರಾಜ್ಯದ ವ್ಯವಹಾರ ಹೋಷಿಯಾರ್ ಮತ್ತು ಬೀದರ್ ಎಂಬ ಇಬ್ಬರು ಗುಲಾಮ ಅಧಿಕಾರಿಗಳ ಕೈಗೆ ಹೋಯಿತು. ಅಹಮದನ ಕಣ್ಣು ಕೀಳಿಸಿ ಹಸನ್ ಖಾನನ ದಾರಿಯನ್ನು ಸುಗಮಗೊಳಿಸಬೇಕೆಂದು ಅವರು ಸುಲ್ತಾನನನ್ನು ಒಪ್ಪಿಸಿದರು. ಸುದ್ದಿ ತಿಳಿದ ಅಹಮದ್ ಬಂದೇ ನವಾಜರ ಆಶೀರ್ವಾದ ಪಡೆದು, ಖಲಫ್ ಹಸನ್ ಎಂಬ ವರ್ತಕನೊಡನೆ ಕಲಬುರಗಿಯಿಂದ ತಪ್ಪಿಸಿಕೊಂಡನು. ಬೆನ್ನಟ್ಟಿ ಬಂದ ಸೈನ್ಯವನ್ನು ಅವನು ಕಲ್ಯಾಣದ ಬಳಿ ಎದುರಿಸಿದನು. ಇದು ಇಂದಿನ ಬಸವಕಲ್ಯಾಣ. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಅಲ್ಲಿಗೆ ಹೋಗುವ ಇಂದಿನ ಹೆದ್ದಾರಿ ಕಮಲಾಪುರದ ಮೂಲಕ ಸಾಗುತ್ತದೆ. ಧಾನ್ಯ ಸಾಗಿಸುವ ವ್ಯಾಪಾರಿಗಳ ಎತ್ತುಗಳಿಗೆ ಬಣ್ಣದ ಧ್ವಜಗಳನ್ನು ಕಟ್ಟಿ ದೂರದಿಂದ ದೊಡ್ಡ ಕುದುರೆ ಪಡೆ ಬರುತ್ತಿರುವಂತೆ ತೋರಿಸಿದ ಖಲಫ್ ಹಸನನ ಉಪಾಯದಿಂದ ಅಹಮದ್ ಗೆದ್ದನು.

ನಡೆಯಲಾರದ ಸ್ಥಿತಿಯಲ್ಲಿದ್ದ ಫಿರೋಜ್ ಪಲ್ಲಕ್ಕಿಯಲ್ಲಿ ಕುಳಿತು ತಮ್ಮನನ್ನು ಎದುರಿಸಲು ಹೊರಟನು. ಕಾಳಗದ ನಡುವೆ ಅವನು ಎಚ್ಚರ ತಪ್ಪಿದಾಗ ಸತ್ತನೆಂಬ ವದಂತಿ ಹಬ್ಬಿ ಸೈನಿಕರು ಅಹಮದನ ಕಡೆ ಸೇರಿದರು. ರಾಜಧಾನಿಗೆ ಮರಳಿದ ಫಿರೋಜ್ ಕೋಟೆಯ ಬಾಗಿಲನ್ನು ತೆರೆಸಿ, ತಮ್ಮನನ್ನು ಬಳಿಗೆ ಕರೆಸಿ ರಾಜ್ಯವನ್ನು ಒಪ್ಪಿಸಿದನು. ಹಸನ್ ಖಾನನನ್ನು ಕಾಪಾಡುವಂತೆ ಕೇಳಿಕೊಂಡನು. 1422ರ ಸೆಪ್ಟೆಂಬರಿನಲ್ಲಿ ಅಹಮದ್ ಪಟ್ಟವೇರಿದನು. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡನು. ಅವನದು ಸಹಜ ಮರಣವಲ್ಲವೆಂಬ ಅಭಿಪ್ರಾಯವೂ ಇದೆ. ಹಸನ್ ಖಾನನಿಗೆ ಫಿರೋಜಾಬಾದಿನಲ್ಲಿ ವಾಸಕ್ಕೆ ವ್ಯವಸ್ಥೆ ಮಾಡಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಬಂದೇ ನವಾಜರೂ ದೇಹತ್ಯಾಗ ಮಾಡಿದರು. ಮುಂದೆ ಅಹಮದನ ಕಾಲದಲ್ಲಿ ರಾಜಧಾನಿ ಬೀದರಿಗೆ ಬದಲಾಯಿತು.

ಸಮಾಧಿ

ಕಲಬುರಗಿ ನಗರದ ಪೂರ್ವಭಾಗದಲ್ಲಿರುವ ಹಫ್ತ್ ಗುಂಬಜ್ ಎಂಬ ರಾಜಸಮಾಧಿಗಳ ಸಮೂಹದಲ್ಲಿ ಫಿರೋಜನ ಸಮಾಧಿಯಿದೆ. ಎರಡು ಗುಮ್ಮಟಗಳ ಜೋಡಿಕೋಣೆಯ ಈ ಕಟ್ಟಡ ಆ ಸಮೂಹದಲ್ಲಿಯೇ ಅತ್ಯಂತ ದೊಡ್ಡದು. ಒಳಗೋಡೆಗಳ ಗಾರೆಯ ಅಲಂಕಾರ ಹಾಗೂ ದೇವಾಲಯಗಳ ಶೈಲಿಯನ್ನು ಹೋಲುವ ಚಾಚುಗಲ್ಲುಗಳು ಆ ಕಾಲದ ಮಿಶ್ರ ವಾಸ್ತುಶೈಲಿಗೆ ಸಾಕ್ಷಿಯಾಗಿವೆ.

ಆಕರಗಳ ಸ್ವರೂಪ ಮತ್ತು ಮೌಲ್ಯಮಾಪನ

ಫಿರೋಜನ ಜೀವನದ ಬಹುಪಾಲು ವಿವರಗಳು ಫೆರಿಷ್ತಾನ ಪರ್ಷಿಯನ್ ಇತಿಹಾಸಗ್ರಂಥದಿಂದ ಬಂದವು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಫೆರಿಷ್ತಾ ಅದನ್ನು ಬರೆದುದು 17ನೆಯ ಶತಮಾನದ ಆರಂಭದಲ್ಲಿ, ಅಂದರೆ ಘಟನೆಗಳು ನಡೆದು ಸುಮಾರು 200 ವರ್ಷಗಳ ನಂತರ. ಬಹಮನಿಗಳ ಪಕ್ಷವನ್ನು ಹೊಗಳುವ ಒಲವೂ ಅವನಲ್ಲಿದೆ. ಆದ್ದರಿಂದ ಬಾಣದ ಗಾಯದ ಪ್ರಸಂಗವನ್ನೂ ಒಳಗೊಂಡಂತೆ ಅವನ ವಿವರಗಳನ್ನು ಎಚ್ಚರದಿಂದ ಸ್ವೀಕರಿಸಬೇಕು. ಆದರೂ ಯುದ್ಧದಲ್ಲಿ ಬಿಲ್ಲುಗಾರರಿಗಿದ್ದ ಮಹತ್ವವನ್ನು ಮುಂದಿನ ಘಟನೆಗಳು ದೃಢಪಡಿಸುತ್ತವೆ. ಬಹಮನಿ ಬಿಲ್ಲುಗಾರರ ಕೌಶಲವನ್ನು ಮನಗಂಡ ಇಮ್ಮಡಿ ದೇವರಾಯನು ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು, ತನ್ನವರಿಗೂ ಬಿಲ್ವಿದ್ಯೆಯನ್ನು ಕಲಿಸಿದನೆಂದು ತಿಳಿದುಬರುತ್ತದೆ.

ಫಿರೋಜ್ ಷಾ ಬಹಮನಿ ರಾಜ್ಯಕ್ಕೆ ವಿದ್ಯೆಯ ಮತ್ತು ಕಲೆಯ ಕೀರ್ತಿಯನ್ನು ತಂದನು. ಹೊರದೇಶಗಳಿಂದ ಬಂದವರಿಗೆ ಅವನು ಕೊಟ್ಟ ಆಶ್ರಯ ಮುಂದೆ ಸ್ಥಳೀಯರು ಮತ್ತು ಪರದೇಶಿಗಳ ನಡುವಣ ಪೈಪೋಟಿಗೂ ದಾರಿಮಾಡಿತು. ಪಾನಗಲ್ಲಿನ ಸೋಲು ಮತ್ತು ಮಗನ ಮೇಲಣ ಮೋಹ ಅವನ ಕೊನೆಯ ವರ್ಷಗಳನ್ನು ಮಸುಕುಗೊಳಿಸಿದವು. ಫಿರೋಜಾಬಾದಿನ ಪಾಳುಗೋಡೆಗಳೂ ಕಲಬುರಗಿಯ ಜೋಡಿಗುಮ್ಮಟದ ಸಮಾಧಿಯೂ ಅವನ ಆಳ್ವಿಕೆಯ ಮುಖ್ಯ ಕುರುಹುಗಳಾಗಿ ಉಳಿದಿವೆ.